ಎರಡೂ ತಂತಿ ಒಂದೇ ಬಳೆಯಲ್ಲಿ

ಸೆಪ್ಟೆಂಬರ್ 1, ಸೋಮವಾರ

ಇವತ್ತೂ ಇಸ್ತ್ರಿ ಪೆಟ್ಟಿಗೆಯ ಪ್ಲಗ್ ಹಾಕುವಾಗ ಕಣ್ಣು ಮುಚ್ಚಿಕೊಂಡೆ. ರೂಮ್‌ಮೇಟ್ ನೋಡಿಬಿಟ್ಟಳು.

"ಏಯ್, ಎಲೆಕ್ಟ್ರಿಕಲ್ ಓದೋಳು ಕಣೇ ನೀನು! ಪ್ಲಗ್‌ಗೇ ಹೀಗಾದ್ರೆ ಟ್ರಾನ್ಸ್‌ಫಾರ್ಮರ್ ಮುಂದೆ ಏನ್ ಮಾಡ್ತೀಯ? ಅಡ್ಡ ಬೀಳ್ತೀಯಾ?"

ಅವಳದು ಸಿವಿಲ್. ಗೋಡೆ ಯಾರಿಗೂ ಶಾಕ್ ಹೊಡೆಯುವುದಿಲ್ಲ, ಅವಳು ಏನು ಬೇಕಾದರೂ ಮಾತಾಡಬಹುದು. ಇಡೀ ಹಾಸ್ಟೆಲ್ ಅವಳನ್ನು ಬಾತು ಅಂತ ಕರೆಯುತ್ತದೆ. ಬೆಳಗ್ಗೆ ಎಲ್ಲರಿಗಿಂತ ಮೊದಲು ಸ್ನಾನಕ್ಕೆ ಇಳಿದು, ನೀರಿನಲ್ಲೇ ಹುಟ್ಟಿದವಳ ಹಾಗೆ ಗಂಟಲು ಬಿಟ್ಟು ಹಾಡುತ್ತಾಳೆ. ಅಲಾರಂ ಇಟ್ಟುಕೊಳ್ಳುವ ಖರ್ಚಿಲ್ಲ.

ನಾನು ಈ ಬ್ರಾಂಚ್ ಕೇಳಿದವಳಲ್ಲ. ರ‍್ಯಾಂಕ್‌ಗೆ ಇದು ಸಿಕ್ಕಿತು, ಸಿಕ್ಕಿದ್ದಕ್ಕೆ ಎಲ್ಲರೂ ಕಂಗ್ರಾಟ್ಸ್ ಹೇಳಿದರು, ನಾನು ಥ್ಯಾಂಕ್ಯೂ ಅಂದೆ. ಈಗ ಕ್ಲಾಸಿನಲ್ಲಿ ಎದೆ ಹೊಡೆದುಕೊಳ್ಳುವ ಸದ್ದಿಗೆ ಲೆಕ್ಚರರ್ ಹೇಳುವುದೇ ಕೇಳುವುದಿಲ್ಲ. ನಿನ್ನೆ ಫೋನಿನಲ್ಲಿ ಅಪ್ಪನಿಗೆ ಹೇಳಿಯೇಬಿಟ್ಟೆ, ನನ್ನಿಂದ ಆಗಲ್ಲ, ವಾಪಸ್ ಬಂದುಬಿಡ್ತೀನಿ ಅಂತ. ಅಪ್ಪ ಬಸ್ ಡ್ರೈವರ್, ಎಂಥ ತಿರುವಿನಲ್ಲೂ ಗಡಿಬಿಡಿ ಮಾಡದ ಮನುಷ್ಯ. "ಸೆಪ್ಟೆಂಬರ್ ಒಂದು ತಿಂಗಳು ನೋಡು. ಆಗಲಿಲ್ಲ ಅಂದ್ರೆ ಕೊನೇ ಶನಿವಾರ ದೊಡ್ಡ ಬ್ಯಾಗ್ ತಗೊಂಡು ಬರ್ತೀನಿ" ಅಂದ. ಹೂಂ ಅಂದೆ. ಅಂದಮೇಲೆ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಕಾರಣ ಇದೆ. ಐದನೇ ಕ್ಲಾಸಿನಿಂದ ನಾನು ಇದ್ದ ರೆಸಿಡೆನ್ಷಿಯಲ್ ಸ್ಕೂಲಿನಲ್ಲಿ ಡೈರಿಯನ್ನು ಮೇಟ್ರನ್ ಓದುತ್ತಿದ್ದರು. ಅದಕ್ಕೇ ಇಂಗ್ಲಿಷಿನಲ್ಲಿ 'ಐ ಆ್ಯಮ್ ವೆರಿ ಹ್ಯಾಪಿ ಹಿಯರ್' ಅಂತ ಬರೆಯುತ್ತಿದ್ದೆ, ಪ್ರತಿ ಭಾನುವಾರ. ಕನ್ನಡದಲ್ಲಿ ಹಾಗೆಲ್ಲ ಬರೆಯಲು ಕೈ ಬರುವುದಿಲ್ಲ.

ಸೆಪ್ಟೆಂಬರ್ 4, ಗುರುವಾರ

ಮೊದಲ ಲ್ಯಾಬ್. ರಬ್ಬರ್ ಚಪ್ಪಲಿ ಹಾಕಿಕೊಂಡು ಹೋಗಿದ್ದೆ, ಅದರ ಮೇಲೆ ಶೂ ಹಾಕಲು ಆಗುತ್ತದಾ ಅಂತಲೂ ಯೋಚಿಸಿದ್ದೆ.

ಮೆಷರ್‌ಮೆಂಟ್ ಲ್ಯಾಬಿನ ಮೇಷ್ಟ್ರಿಗೆ ಸೀನಿಯರ್‌ಗಳು ಇಟ್ಟ ಹೆಸರು ಫಿಫ್ಟಿ ಸರ್. ಯಾವ ಮಾತು ಶುರು ಮಾಡಿದರೂ ಐವತ್ತರಲ್ಲಿ ಮುಗಿಸುತ್ತಾರಂತೆ. ತೆಳ್ಳಗಿನ ಮನುಷ್ಯ. ಜೇಬಿನಲ್ಲಿ ಪೆನ್ನಿನ ಪಕ್ಕ ಟೆಸ್ಟರ್.

ಮೊದಲು ಹೆದರಿಸಿದರು. "ಮನುಷ್ಯನ ಮೈಯೊಳಗೆ ಮೂವತ್ತು ಮಿಲಿಆಂಪ್ ಹೊಕ್ಕರೆ ಸಾಕು, ಎದೆ ತಾಳ ತಪ್ಪಬಹುದು. ಒಂದು ಸಣ್ಣ ಬಲ್ಬ್ ಉರಿಯೋಕೆ ಬೇಕಾದಷ್ಟೂ ಅಲ್ಲ ಅದು. ಹಾಗಾಗಿ ಇಲ್ಲಿ ಯಾರೂ ಹೀರೋ ಆಗಬೇಡಿ." ನಾನು ಹಿಂದಿನ ಬೆಂಚಿಗೆ ಸರಿದೆ.

ಆಮೇಲೆ ಅವರು ದೀಪ ಆರಿಸಿ ಸ್ಕ್ರೀನ್ ಹಚ್ಚಿದರು. ಕಪ್ಪು ಪರದೆ, ಅದರ ಮೇಲೆ ಹಸಿರು ಅಲೆ. ಅಷ್ಟೇ. ಅಷ್ಟೇ ಅಂತ ಬರೆದೆ, ಆದರೆ ಅಷ್ಟೇ ಅಲ್ಲ. ಅದರಷ್ಟು ನುಣುಪಾದದ್ದನ್ನು ನಾನು ನೋಡಿಯೇ ಇರಲಿಲ್ಲ. ಏರುತ್ತದೆ, ತುದಿಯಲ್ಲಿ ಉಸಿರು ಹಿಡಿದ ಹಾಗೆ ಒಂಚೂರು ನಿಲ್ಲುತ್ತದೆ, ಇಳಿಯುತ್ತದೆ.

"ಪೈಪಲ್ಲಿ ನೀರು ಬರೋ ಹಾಗೆ ತಂತೀಲಿ ಕರೆಂಟ್ ಬರುತ್ತೆ ಅಂತ ಸ್ಕೂಲಲ್ಲಿ ಹೇಳಿರ್ತಾರೆ. ಮರೆತುಬಿಡಿ. ಇದರೊಳಗೆ ಇರೋದು ಎಲ್ಲಿಗೂ ಹೊರಟಿಲ್ಲ. ಇದ್ದಲ್ಲೇ ಆ ಕಡೆ ಈ ಕಡೆ ತೂಗುತ್ತೆ. ಸೆಕೆಂಡಿಗೆ ಐವತ್ತು ಸಲ."

ಅಲೆಯನ್ನು ಹಿಡಿದು ತಂದದ್ದು ಒಂದು ಕ್ಲಾಂಪ್. ಇಕ್ಕಳದ ಹಾಗೆ ಬಾಯಿ ತೆರೆಯುತ್ತದೆ, ತಂತಿಯನ್ನು ಒಳಗೆ ಬಿಟ್ಟುಕೊಂಡು ಮುಚ್ಚಿದರೆ ಬಳೆ. ತಂತಿಯನ್ನು ಕೊಯ್ಯುವುದಿಲ್ಲ, ಸುಲಿಯುವುದಿಲ್ಲ. "ತಂತಿ ಸುತ್ತ ಗಾಳೀಲೂ ಅದರ ಸುದ್ದಿ ಇರುತ್ತೆ. ಈ ಬಳೆ ಅದನ್ನ ಕೇಳಿಸ್ಕೊಳ್ಳುತ್ತೆ. ಮುಟ್ಟೋದೇ ಬೇಡ" ಅಂದರು. ಫ್ಯಾನ್ ಹಾಕಿಸಿದರು, ಅಲೆ ಉಬ್ಬಿತು. ಯಾರೋ ಫೋನ್ ಚಾರ್ಜರ್ ಚುಚ್ಚಿದರು, ಅಲೆಯ ನೆತ್ತಿಯಲ್ಲಿ ಹಾಲುಹಲ್ಲಿನಂಥ ಮೊನೆಗಳು ಬಂದವು.

ಮುಟ್ಟದೆ ತಿಳಿಯಬಹುದು. ಇದನ್ನು ನನಗೆ ಮೊದಲೇ ಯಾರೂ ಯಾಕೆ ಹೇಳಲಿಲ್ಲ?

ಪರದೆಯ ಮೂಲೆಯಲ್ಲಿ ಒಂದು ಸಂಖ್ಯೆ ಇತ್ತು, ಐವತ್ತರ ಆಚೀಚೆ ಕೂದಲೆಳೆಯಷ್ಟು ಅಲುಗಾಡುತ್ತಿತ್ತು. ಸರ್ ಅದರ ಮೇಲೆ ಬೆರಳಿಟ್ಟು ಹೇಳಿದ್ದನ್ನು ಹಾಗೇ ಬರೆದುಕೊಳ್ಳುತ್ತೇನೆ: "ಈ ಲೈನ್‌ಗೆ ಸೇರಿರೋ ಎಲ್ಲ ಜನರೇಟರ್‌ಗಳೂ, ದೇಶದ ಆ ತುದಿಯಿಂದ ಈ ತುದಿವರೆಗೆ, ಒಂದೇ ಹೆಜ್ಜೆ ಹಾಕ್ತಿವೆ. ನೀವಿಲ್ಲಿ ಹೀಟರ್ ಹಾಕಿದ್ರೆ ಅಷ್ಟಕ್ಕೂ ಗೊತ್ತಾಗುತ್ತೆ. ಒಂದು ಎಳ್ಳಿನಷ್ಟು ತಡವರಿಸ್ತವೆ, ಮತ್ತೆ ಹೆಜ್ಜೆ ಸರಿ ಮಾಡ್ಕೊಳ್ತವೆ."

ಮೈ ಜುಮ್ಮೆಂದಿತು. ಹೆದರಿಕೆಯ ಜುಮ್ಮು ಅಲ್ಲ ಅನ್ನಿಸುತ್ತದೆ. ಗೊತ್ತಿಲ್ಲ.

ಸೆಪ್ಟೆಂಬರ್ 7, ಭಾನುವಾರ

ಅಮ್ಮನ ಜೊತೆ ಫೋನ್. ಅಮ್ಮ ಬಟ್ಟೆ ಹೊಲಿಯುತ್ತಾಳೆ. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಮಷಿನ್ ಓಡಿಸುತ್ತಲೇ ಮಾತಾಡುತ್ತಾಳೆ, ಹಾಗಾಗಿ ನನಗೆ ಅಮ್ಮನ ಧ್ವನಿ ಅಂದರೆ ಅದರ ಹಿಂದೆ ಮೋಟರಿನ ಗುಂಯ್ ಕೂಡ. ಸ್ಕೂಲಿನಲ್ಲಿದ್ದಾಗ ಅದನ್ನು ಕೇಳಿದರೆ ಅಳು ಬರುತ್ತಿತ್ತು.

ಇವತ್ತು ಮಾತಿನ ನಡುವೆ ಥಟ್ಟನೆ ಹೊಳೆಯಿತು. ಅಮ್ಮನ ಮಷಿನ್, ನನ್ನ ತಲೆಯ ಮೇಲಿನ ಫ್ಯಾನ್, ಎರಡೂ ಅದೇ ಅಲೆ. ಇಲ್ಲಿ ಏರುವಾಗ ಅಲ್ಲೂ ಏರುತ್ತಿದೆ. ಒಂದು ರಾತ್ರಿಯ ಬಸ್ ಪ್ರಯಾಣದಷ್ಟು ದೂರ, ಆದರೆ ಒಂದೇ ಹೆಜ್ಜೆ.

"ಅಮ್ಮಾ, ನಿನ್ನ ಮಷಿನ್ನೂ ನನ್ನ ಫ್ಯಾನೂ ಸೇಮ್ ಟೈಮಿಗೆ ತೂಗ್ತಿವೆ ಗೊತ್ತಾ?"

"ಊಟ ಮಾಡಿದ್ಯಾ ಸರಿಯಾಗಿ?" ಅಂದಳು ಅಮ್ಮ.

ಸೆಪ್ಟೆಂಬರ್ 9, ಮಂಗಳವಾರ

ಒಬ್ಬೊಬ್ಬರಿಗೆ ಒಂದೊಂದು ಕ್ಲಾಂಪ್ ಕೊಟ್ಟಿದ್ದಾರೆ. ಕ್ಯಾಂಪಸ್ಸಿನ ಒಂದೊಂದು ಬೋರ್ಡಿಗೆ ಹಾಕಿ ಒಂದು ವಾರ ಬಿಡಬೇಕು. ಅದು ಅಳೆದದ್ದೆಲ್ಲ ಲ್ಯಾಬಿನ ಕಂಪ್ಯೂಟರಿಗೆ ತಾನಾಗಿ ಬಂದು ಸೇರುತ್ತದೆ. ಒಬ್ಬನಿಗೆ ಅಡುಗೆಮನೆ, ಒಬ್ಬಳಿಗೆ ಲೈಬ್ರರಿ, ಇನ್ನೊಬ್ಬನಿಗೆ ನೀರಿನ ಪಂಪ್. ನನಗೆ ನಮ್ಮ ಹಾಸ್ಟೆಲ್ಲಿನ ಸ್ನಾನದಮನೆ. ಎಲ್ಲರೂ ನಕ್ಕರು.

ಸ್ನಾನದಮನೆ ಅಂದರೆ ಅಂಗಳದಾಚೆ ಪ್ರತ್ಯೇಕ ಕಟ್ಟಡ, ಸಾಲಾಗಿ ಕೋಣೆಗಳು, ಕೋಣೆಗೊಂದು ಗೀಸರ್. ಹೊರಗೋಡೆಯಲ್ಲಿ ಬೋರ್ಡು. ಅದಕ್ಕೆ ಕೆಳಗಿನಿಂದ ಹೆಬ್ಬೆರಳಿನಷ್ಟು ದಪ್ಪದ ಬೂದು ಕೇಬಲ್ ಬಂದು ಸೇರುತ್ತದೆ. ಕಣ್ಣು ಮುಚ್ಚಿಕೊಂಡೇ ಕ್ಲಾಂಪ್‌ನ ಬಾಯಿ ತೆರೆದೆ, ಕೇಬಲ್ಲಿಗೆ ಸಿಕ್ಕಿಸಿದೆ, ಓಡಿದೆ. ಏನೂ ಆಗಲಿಲ್ಲ.

ಸೆಪ್ಟೆಂಬರ್ 16, ಮಂಗಳವಾರ

ಮಾನ ಹೋಯಿತು.

ಎಲ್ಲರ ಗ್ರಾಫನ್ನೂ ದೊಡ್ಡ ಪರದೆಯ ಮೇಲೆ ಹಾಕಿದರು. ಎಷ್ಟು ಚೆಂದ ಇದ್ದವು! ಅಡುಗೆಮನೆಯದು ದಿನಕ್ಕೆ ಮೂರು ಗುಡ್ಡ. ಲೈಬ್ರರಿಯದು ನಿಧಾನ ಏರಿ, ಊಟದ ಹೊತ್ತಿಗೆ ತಗ್ಗಿ, ಸಂಜೆ ಒಂದೇ ಸಲಕ್ಕೆ ಬೀಳುತ್ತದೆ, ಯಾರೋ ಬಾಗಿಲು ಹಾಕಿಕೊಂಡ ಹಾಗೆ. ಪಂಪಿನದು ನೆಟ್ಟಗೆ ನಿಂತ ಪೆಟ್ಟಿಗೆಗಳು. ಮನುಷ್ಯರು ಎದ್ದದ್ದು, ಹಸಿದದ್ದು, ಬೆವರಿದ್ದು ಎಲ್ಲ ಆ ಗೆರೆಯಲ್ಲಿ ಕಾಣುತ್ತಿತ್ತು, ಯಾರೂ ಯಾರಿಗೂ ಹೇಳದೆ. ಬಾಯಿ ತೆರೆದು ನೋಡುತ್ತಾ ಕೂತಿದ್ದೆ.

ಆಮೇಲೆ ನನ್ನದು. ಚಪ್ಪಟೆ. ಏಳು ದಿನ ಸೊನ್ನೆ. ಬೆಳಗ್ಗೆ ಮಾತ್ರ ಇರುವೆಯಷ್ಟು ಒಂದು ಉಬ್ಬು.

"ಆ ಹಾಸ್ಟೆಲ್ಲಲ್ಲಿ ಯಾರೂ ಸ್ನಾನಾನೇ ಮಾಡಲ್ಲ ಸರ್!" ಹಿಂದಿನಿಂದ ಯಾರೋ ಕೂಗಿದ. ಲ್ಯಾಬ್ ಬಿದ್ದು ಬಿದ್ದು ನಕ್ಕಿತು. ಸರ್ ಕೂಡ. ಆದರೆ ಅವರ ನಗು ಬೇರೆ ಥರ ಇತ್ತು.

"ಪ್ರತಿ ಬ್ಯಾಚಲ್ಲೂ ಒಬ್ಬರು ಇದನ್ನ ಮಾಡ್ತಾರೆ. ಇಡೀ ಕೇಬಲ್ಲಿಗೇ ಹಾಕಿಬಿಟ್ಯಾ? ಅದರೊಳಗೆ ಎರಡು ತಂತಿ ಇವೆಯಮ್ಮ. ಒಂದರಲ್ಲಿ ಹೋಗಿದ್ದು ಇನ್ನೊಂದರಲ್ಲಿ ಬರುತ್ತೆ. ಎರಡೂ ಒಂದೇ ಬಳೆಯೊಳಗೆ ಇದ್ರೆ ಹೋಗಿದ್ದಕ್ಕೂ ಬಂದಿದ್ದಕ್ಕೂ ವಜಾ. ಬಳೆಗೆ ಕೇಳ್ಸೋದು ಸೊನ್ನೆ. ಬೋರ್ಡ್ ತೆಗೆಸಿ ಒಂದೇ ತಂತಿಗೆ ಹಾಕು."

ಸಣ್ಣ ಉಬ್ಬನ್ನು ನೋಡಿ ಹುಬ್ಬು ಗಂಟಿಕ್ಕಿದರು. "ಇದು ಇರಬಾರದು. ಕ್ಲಾಂಪ್ ಓರೆ ಕೂತಿರಬೇಕು. ತಿರುಗಿಸಿ ನೋಡು" ಅಂದರು. ಅಷ್ಟರಲ್ಲಿ ಬೆಲ್ ಆಯಿತು.

ಸಂಜೆಯ ಹೊತ್ತಿಗೆ ನನಗೊಂದು ಹೆಸರು ಬಂದಿತ್ತು. ಝೀರೋ ಬಲ್ಬ್. ಬಾತು ಅದನ್ನು ನನ್ನ ಮಗ್ಗಿನ ಮೇಲೆ ಮಾರ್ಕರಿನಲ್ಲಿ ಬರೆದಿಟ್ಟಿದ್ದಾಳೆ. ಅಪ್ಪನ ಶನಿವಾರಕ್ಕೆ ಇನ್ನೂ ಎಷ್ಟು ದಿನ?

ಸೆಪ್ಟೆಂಬರ್ 17, ಬುಧವಾರ

ನಿನ್ನೆ ರಾತ್ರಿಯೇ ಹಾಸ್ಟೆಲ್ಲಿನ ಎಲೆಕ್ಟ್ರಿಷಿಯನ್ ಅಣ್ಣ ಬೋರ್ಡು ತೆಗೆದು ಒಂದೇ ತಂತಿಗೆ ಕ್ಲಾಂಪ್ ಹಾಕಿಕೊಟ್ಟ. ಗಟ್ಟಿ ಧ್ವನಿಯ, ಸದಾ ಎರಡು ಕಡೆಯಿಂದ ಕರೆ ಬರುತ್ತಿರುವ ಮನುಷ್ಯ. "ನೋಡಮ್ಮ, ಓದೋದು ನೀನು, ಒಳಗೆ ಕೈ ಹಾಕೋದು ನಾನು. ಹಿಂಗಿದ್ರೇನೇ ಇಬ್ರಿಗೂ ಒಳ್ಳೇದು" ಅಂತ ನಕ್ಕ.

ಬೆಳಗಿನ ಗ್ರಾಫ್ ಬಂತು. ಬಂತು! ಕತ್ತಲೆಯಿಂದ ಒಂದು ಮೆಟ್ಟಿಲು ಮೇಲೆ, ಇನ್ನೊಂದು, ಇನ್ನೊಂದು. ಒಂದೊಂದು ಮೆಟ್ಟಿಲೂ ಒಬ್ಬಳು ಟವೆಲ್ ಹೆಗಲಿಗೆ ಹಾಕಿಕೊಂಡು ಕಣ್ಣುಜ್ಜುತ್ತಾ ಬಂದು ಗೀಸರ್ ಹಾಕಿದ್ದು. ಮೊದಲ ಮೆಟ್ಟಿಲು ಬಾತುವಿನದೇ.

ಕ್ಲಾಸಿಗೆ ಸರಿ ಗ್ರಾಫ್ ಸಲ್ಲಿಸಿದೆ. ಮುಗಿಯಿತು. ಆದರೆ ಆ ಇರುವೆ ಉಬ್ಬು ಕಣ್ಣೊಳಗಿನ ಕಸದ ಹಾಗೆ ಒತ್ತುತ್ತಿದೆ. ಹೋದದ್ದೆಲ್ಲ ಬರುತ್ತದೆ ಅಂದರಲ್ಲ ಸರ್, ಹಾಗಾದರೆ ಬಾರದೇ ಇದ್ದದ್ದು ಎಲ್ಲಿಗೆ ಹೋಯಿತು?

ಸೆಪ್ಟೆಂಬರ್ 19, ಶುಕ್ರವಾರ

ಬೆಳಗ್ಗೆ ಬೇಗ ಎದ್ದು ಬೋರ್ಡಿನ ಕೆಳಗೆ ನಿಂತೆ. ಅಣ್ಣ ತೆಗೆದುಕೊಟ್ಟಿದ್ದ ಕ್ಲಾಂಪನ್ನು ಮತ್ತೆ ಇಡೀ ಕೇಬಲ್ಲಿಗೆ ಹಾಕಿದೆ, ಬೇಕೆಂದೇ, ಆ ತಪ್ಪನ್ನೇ. ಕೈಯಲ್ಲಿ ಅದರ ಸಣ್ಣ ಡಿಸ್‌ಪ್ಲೇ. ಸೊನ್ನೆ.

ಮೊದಲ ಕೋಣೆಯ ಗೀಸರ್ ಹಾಕಿದರು. ಸೊನ್ನೆ. ಎರಡನೆಯದು. ಸೊನ್ನೆ. ಅಷ್ಟು ದೊಡ್ಡ ಕರೆಂಟ್ ಹೋಗಿ ಬರುತ್ತಿದೆ, ಬಳೆಗೆ ಪಿಸುಮಾತೂ ಕೇಳಿಸುತ್ತಿಲ್ಲ. ಎಷ್ಟು ಕರಾರುವಾಕ್ಕು! ನಾನು ಬೆರಗಿನಿಂದ ನಿಂತೇ ಇದ್ದೆ. ಆಗ ಬಾತು ಬಂದಳು, ಇವತ್ತು ಅಪರೂಪಕ್ಕೆ ತಡವಾಗಿ. ಅವಳದು ಯಾವಾಗಲೂ ಮೂರನೇ ಕೋಣೆ. "ಏನೇ ಝೀರೋ, ಕೇಬಲ್‌ಗೆ ಜ್ವರ ನೋಡ್ತಿದ್ಯಾ?" ಅಂದು ಒಳಗೆ ಹೋದಳು. ಗೀಸರ್ ಹಾಕಿದಳು, ಹಾಡು ಶುರುವಾಯಿತು.

ಎಪ್ಪತ್ತು ಮಿಲಿಆಂಪ್.

ಕ್ಲಾಂಪನ್ನು ತಿರುಗಿಸಿದೆ. ಎಪ್ಪತ್ತು. ಮೇಲಕ್ಕೆ ಸರಿಸಿದೆ, ತಲೆಕೆಳಗು ಮಾಡಿದೆ. ಎಪ್ಪತ್ತೇ. ಓರೆ ಕೂತಿದ್ದರೆ ಪ್ರತಿ ಸಲ ಬೇರೆ ಬೇರೆ ತೋರಿಸಬೇಕಿತ್ತು. ಅವಳು ಹಾಡು ಮುಗಿಸಿ ಗೀಸರ್ ಆರಿಸಿದಳು. ಸೊನ್ನೆ.

ಹೊರಗೆ ಬಂದವಳನ್ನು ಕೇಳಿದೆ, ಒಳಗೆ ಏನಾದರೂ ವಿಚಿತ್ರ ಅನ್ನಿಸುತ್ತಾ ಅಂತ.

"ನಲ್ಲಿ ಒಂಚೂರು ಚುರ್ ಅನ್ನುತ್ತೆ. ಕಚ್ಚೋ ನಲ್ಲಿ ಅದು. ನನಗೆ ನಿದ್ದೆ ಬಿಡೋದೇ ಅದರಿಂದ."

ಆ ಕರೆಂಟ್ ಎಲ್ಲಿಗೆ ಹೋಗುತ್ತಿದೆ ಅಂತ ಈಗ ಗೊತ್ತಾಯಿತು. ನೀರಿಗೆ. ಪೈಪಿಗೆ. ನೆಲಕ್ಕೆ. ದಾರಿಯಲ್ಲಿ ಒದ್ದೆ ಕಾಲಿನಲ್ಲಿ ಯಾರು ನಿಂತಿದ್ದಾರೋ ಅವರ ಮೂಲಕ ಒಂದು ಪಾಲು.

ಸೆಪ್ಟೆಂಬರ್ 20, ಶನಿವಾರ

ಫಿಫ್ಟಿ ಸರ್ ಬೇರೆ ಕಾಲೇಜಿಗೆ ಪರೀಕ್ಷೆ ನಡೆಸಲು ಹೋಗಿದ್ದಾರೆ. ಫೋನ್ ಸ್ವಿಚ್ ಆಫ್. ಮಂಗಳವಾರ ಬರುತ್ತಾರಂತೆ.

ವಾರ್ಡನ್ ಮೇಡಂ ಹತ್ತಿರ ಹೋದೆ. ಬಾಗಿಲ ಮುಂದೆ ಹೇಳಬೇಕಾದದ್ದನ್ನು ಇಂಗ್ಲಿಷಿನಲ್ಲಿ ರಿಹರ್ಸಲ್ ಮಾಡಿಕೊಂಡು, ಒಳಗೆ ಹೋದಮೇಲೆ ಅಷ್ಟನ್ನೂ ಮರೆತು, ಕನ್ನಡದಲ್ಲಿ ತಡವರಿಸಿದೆ.

"ನೀನು ಫಸ್ಟ್ ಇಯರ್ ಅಲ್ವೇನಮ್ಮ?" ಮೇಡಂ ಕೆಟ್ಟವರಲ್ಲ, ಬೈಯಲಿಲ್ಲ. "ಸೋಮವಾರದಿಂದ ಇಂಟರ್ನಲ್ಸ್. ಈಗ ಬಿಸಿನೀರು ನಿಲ್ಲಿಸಿದ್ರೆ ಇನ್ನೂರು ಹುಡುಗೀರು ನನ್ನನ್ನ ಹರಿದು ತಿಂತಾರೆ. ಪರೀಕ್ಷೆ ಮುಗೀಲಿ, ನೋಡಿಸ್ತೀನಿ. ನಿಮ್ಮ ಸರ್ ಬಂದು ಒಂದು ಮಾತು ಹೇಳ್ಲಿ."

ಎಲೆಕ್ಟ್ರಿಷಿಯನ್ ಅಣ್ಣ ಏಣಿಯ ಮೇಲಿದ್ದ. "ಮೇಡಂ ಹೇಳದೆ ನಾನು ಆಫ್ ಮಾಡಿದ್ರೆ ನನ್ನ ಕೆಲಸ ಆಫ್ ಆಗುತ್ತೆ ಕಣಮ್ಮ. ಹೇಳ್ಸು, ಈಗ್ಲೇ ಬರ್ತೀನಿ."

ಮೂರನೇ ಕೋಣೆಯ ಬಾಗಿಲಿಗೆ 'ಬಳಸಬೇಡಿ, ಶಾಕ್' ಅಂತ ಕಾಗದ ಅಂಟಿಸಿದೆ. ಸಂಜೆಗೆ ಅದರ ಕೆಳಗೆ ಯಾರೋ ಬರೆದಿದ್ದರು: 'ಇಂತಿ, ಝೀರೋ ಬಲ್ಬ್.' ಊಟದ ಹೊತ್ತಿಗೆ ಕಾಗದವೇ ಇರಲಿಲ್ಲ.

ಸೆಪ್ಟೆಂಬರ್ 21, ಭಾನುವಾರ

ತೊಂಬತ್ತೈದು.

ಬಾತುವಿನ ಜೊತೆ ಜಗಳ ಆಯಿತು. "ಆ ಒಂದು ಗೀಸರಲ್ಲಿ ಮಾತ್ರ ಸುಡೋ ನೀರು ಬರುತ್ತೆ, ನಾನು ಬಿಡಲ್ಲ. ನೀನು ಪ್ಲಗ್‌ಗೇ ಹೆದರೋಳು. ನಿನ್ನ ಮಾತು ಕೇಳಿದ್ರೆ ನಾವೆಲ್ಲ ಮೇಣದಬತ್ತಿ ಹಚ್ಕೊಂಡು ಕೂರಬೇಕು" ಅಂದಳು. ಅವಳು ಹೇಳಿದ್ದು ನಿಜವೇ. ನಾನು ಹೆದರುತ್ತಿರುವುದು ಬರೀ ನನ್ನ ಸ್ವಭಾವವೋ, ಸಂಖ್ಯೆಯೋ? ಆದರೆ ಸಂಖ್ಯೆಗೆ ಸ್ವಭಾವ ಇರುವುದಿಲ್ಲ. ನಾನು ನಿಂತರೂ, ಓಡಿಹೋದರೂ ಅದು ತೊಂಬತ್ತೈದೇ.

ಅಮ್ಮನಿಗೆ ಫೋನ್ ಮಾಡಲು ಮರೆತೆ.

ಸೆಪ್ಟೆಂಬರ್ 22, ಸೋಮವಾರ

ಅಕ್ಷರ ಸೊಟ್ಟ ಬಂದರೂ ಪರವಾಗಿಲ್ಲ, ಇವತ್ತೇ ಬರೆಯಬೇಕು.

ಬೆಳಗ್ಗೆ ಬೋರ್ಡಿನ ಹತ್ತಿರ ಹೋದಾಗ ಎಲ್ಲ ಕೋಣೆಗಳೂ ತುಂಬಿದ್ದವು. ಪರೀಕ್ಷೆ ದಿನ, ಎಲ್ಲರಿಗೂ ಅರ್ಜೆಂಟು. ಹೊರಗೆ ಬಕೆಟ್ ಹಿಡಿದವರ ಸಾಲು. ಬಾತು ಆಗಲೇ ಒಳಗೆ ಹಾಡುತ್ತಿದ್ದಳು. ಕ್ಲಾಂಪ್ ಹಾಕಿದೆ. ನೂರಿಪ್ಪತ್ತು. ನೂರೈವತ್ತು. ನೋಡುತ್ತಿದ್ದಂತೆ ಇನ್ನೂರು ದಾಟಿತು. ಅದು ಹಾಗೆ ಓಡುವುದನ್ನು ನಾನು ನೋಡಿಯೇ ಇರಲಿಲ್ಲ.

ಹಾಡು ನಿಂತಿತು.

ಹಾಡಿನ ಸಾಲು ಮುಗಿದು ನಿಂತ ಹಾಗಲ್ಲ. ಪದದ ಮಧ್ಯದಲ್ಲಿ.

ಯಾರನ್ನೂ ಕೇಳಲಿಲ್ಲ. ಮೇನ್ ಸ್ವಿಚ್ಚಿನ ಹಿಡಿಗೆ ಕೆಂಪು ಬಣ್ಣ ಇದೆ, ಹೆಬ್ಬೆರಳು ಕೂರುವ ಕಡೆ ಮಾತ್ರ ಸವೆದು ಕಪ್ಪಾಗಿದೆ. ಅದರ ಪಕ್ಕದ ಸ್ಕ್ರೂ ಒಂದು ಅರ್ಧ ಎದ್ದಿದೆ. ಹಿಡಿದು ಕೆಳಗೆ ಎಳೆದೆ. ಠಕ್ ಅಂತ ದೊಡ್ಡ ಸದ್ದು. ಇಡೀ ಸ್ನಾನದಮನೆ ಕತ್ತಲಾಯಿತು.

ಒಳಗೆ ಬಕೆಟ್ ಉರುಳಿದ ಸದ್ದು. ಆಮೇಲೆ ಎಲ್ಲ ಕೋಣೆಗಳಿಂದ ಒಟ್ಟಿಗೆ ಗಲಾಟೆ.

"ಯಾರೇ ಅದು ಕರೆಂಟ್ ತೆಗೆದದ್ದು?"

"ತಲೇಲಿ ಸೋಪಿದೆ ಕಣ್ರೇ!"

"ಹಾಕ್ರೇ, ಲೇಟಾಗುತ್ತೆ!"

ಸಾಲಿನಿಂದ ಒಬ್ಬ ಸೀನಿಯರ್ ಮುಂದೆ ಬಂದು ಸ್ವಿಚ್ಚಿಗೆ ಕೈ ಚಾಚಿದಳು. ನಾನು ಬೋರ್ಡಿಗೆ ಬೆನ್ನು ಕೊಟ್ಟು ನಿಂತೆ. "ಹಾಕೋ ಹಾಗಿಲ್ಲ" ಅಂದೆ. "ಏಯ್, ಸರೀ ಆಚೆ" ಅಂದಳು. "ಹಾಕೋ ಹಾಗಿಲ್ಲ ಅಂದ್ನಲ್ಲ!" ನನ್ನ ಗಂಟಲಿನಿಂದ ಅಂಥ ಸದ್ದು ಬರುತ್ತದೆಂದು ನನಗೇ ಗೊತ್ತಿರಲಿಲ್ಲ. ವಾರ್ಡನ್ ಮೇಡಂ ಅಂಗಳ ದಾಟಿ ಓಡಿ ಬರುತ್ತಿದ್ದುದು ಕಾಣಿಸಿತು, ಅವರ ಹಿಂದೆ ಅಣ್ಣ.

ಆಗ ಮೂರನೇ ಬಾಗಿಲು ತೆರೆಯಿತು. ಬಾತು. ತಲೆಯ ತುಂಬ ನೊರೆ, ಮೈಗೆ ಅಡ್ಡಾದಿಡ್ಡಿ ಸುತ್ತಿಕೊಂಡ ಟವೆಲ್. ಬಲಗೈಯನ್ನು ಎಡಗೈಯಿಂದ ಎದೆಗೆ ಒತ್ತಿ ಹಿಡಿದಿದ್ದಳು, ಅದು ಬೇರೆ ಯಾರದೋ ಕೈ ಅನ್ನುವ ಹಾಗೆ. ಗಲಾಟೆ ತಾನಾಗಿ ಇಳಿಯಿತು. ಅವಳು ಯಾರನ್ನೂ ನೋಡದೆ ನನ್ನನ್ನು ನೋಡಿದಳು.

"ನಲ್ಲಿ ಬಿಡ್ತಿರ್ಲಿಲ್ಲ ಕಣೇ" ಅಂದಳು. ಅಷ್ಟೇ. ಆಮೇಲೆ ಹಲ್ಲು ಕಟಕಟ ಅನ್ನಲು ಶುರುವಾಯಿತು.

ಅಣ್ಣ ಎಲ್ಲರನ್ನೂ ಹೊರಗೆ ಕಳಿಸಿದ. ಮೇಡಂ ಕೂಡ ನಂಬಬೇಕಲ್ಲ, ಒಂದೇ ಒಂದು ಕ್ಷಣಕ್ಕೆ ಸ್ವಿಚ್ ಹಾಕಿ ಮೂರನೇ ನಲ್ಲಿಗೆ ಟೆಸ್ಟರ್ ಇಟ್ಟ. ಟೆಸ್ಟರಿನೊಳಗಿನ ಕಿತ್ತಳೆ ಬೆಳಕು ಹೊತ್ತಿಕೊಂಡಿತು. ನೀರು ಬರುವ ನಲ್ಲಿ, ಅದರಲ್ಲಿ ಬೆಳಕು. ಮೇಡಂ ತಾವೇ ಹೋಗಿ ಸ್ವಿಚ್ ಇಳಿಸಿ, ಅದರ ಮೇಲೆ ಕೈ ಇಟ್ಟುಕೊಂಡೇ ನಿಂತರು, ತೆಗೆದರೆ ಮತ್ತೆ ಏರಿಬಿಡುತ್ತದೆ ಅನ್ನುವ ಹಾಗೆ.

ಪರೀಕ್ಷೆ ಬಿಟ್ಟು ಬಾತುವನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಎದೆಗೆ ಬಿಲ್ಲೆಗಳನ್ನು ಅಂಟಿಸಿ, ತಂತಿ ಸಿಕ್ಕಿಸಿ, ಪರದೆ ಹಚ್ಚಿದರು. ಕಪ್ಪು ಪರದೆ, ಹಸಿರು ಗೆರೆ. ಏರುತ್ತದೆ, ಇಳಿಯುತ್ತದೆ. ಇದು ಸೆಕೆಂಡಿಗೆ ಐವತ್ತಲ್ಲ, ಒಂದಕ್ಕಿಂತ ತುಸು ಹೆಚ್ಚು. ಡಾಕ್ಟರ್ "ತಾಳ ಸರಿಯಾಗಿದೆ" ಅಂದರು. ನಾನು ಆ ಗೆರೆಯಿಂದ ಕಣ್ಣು ಕೀಳಲಾರದೆ ನಿಂತೆ. ಎಲ್ಲರ ಒಳಗೂ ಇದು ಇದೆ, ಕೇಳಿಸಿಕೊಳ್ಳುವ ಬಳೆ ಇಲ್ಲ ಅಷ್ಟೇ.

"ಏನ್ ನೋಡ್ತೀಯ ಹಂಗೆ?" ಮಲಗಿದ್ದಲ್ಲಿಂದ ಬಾತು ಕೇಳಿದಳು.

"ನಿನ್ನನ್ನೇ."

"ಥೂ" ಅಂದಳು. ಆಮೇಲೆ ನನ್ನ ಕೈ ಹಿಡಿದುಕೊಂಡು, ಎಷ್ಟೋ ಹೊತ್ತು ಬಿಡಲಿಲ್ಲ.

ಮಧ್ಯಾಹ್ನ ಸರ್ ಫೋನ್ ಮಾಡಿದರು. "ಏಳು ಮಿಸ್ಡ್ ಕಾಲ್ ಇದೆಯಲ್ಲಮ್ಮ?" ಹೇಳಿದೆ.

"ಆಫ್ ಮಾಡಿದ್ದು ಯಾರು?"

"ನಾನು ಸರ್."

"ಯಾರನ್ನ ಕೇಳಿ?"

"ಯಾರನ್ನೂ ಕೇಳ್ಲಿಲ್ಲ ಸರ್."

"ಆ ಉಬ್ಬನ್ನ ನಾನು ಅವತ್ತೇ ಕೂತು ನೋಡಬೇಕಿತ್ತು" ಅಂದರು. ಆಮೇಲೆ, "ಊಟ ಮಾಡಮ್ಮ ಮೊದಲು."

ಸೆಪ್ಟೆಂಬರ್ 24, ಬುಧವಾರ

ಸರ್ ನಿನ್ನೆ ರೈಲಿನಿಂದ ಇಳಿದವರು ನೇರ ಬೋರ್ಡಿನ ಹತ್ತಿರ ಬಂದರು, ಬ್ಯಾಗ್ ಹೆಗಲಲ್ಲೇ. ಮೂರನೇ ಗೀಸರಿನೊಳಗೆ ನೀರು ಕಾಯಿಸುವ ಕಂಬಿ ಬಿರುಕು ಬಿಟ್ಟಿತ್ತು. ಹೊರಗೆ, ಸೋರಿದ ಕರೆಂಟನ್ನು ನೆಲಕ್ಕೆ ಇಳಿಸಬೇಕಾದ ಅರ್ಥಿಂಗ್ ತಂತಿ ತುಕ್ಕು ಹಿಡಿದು ಕಿತ್ತುಬಂದಿತ್ತು. ಇಷ್ಟಾದರೂ ಬೋರ್ಡಿನಲ್ಲಿ ಕರೆಂಟ್ ಸೋರಿದರೆ ತಾನಾಗಿ ಬೀಳುವ ಸ್ವಿಚ್ ಇರಬೇಕಲ್ಲ ಅಂತ ಸರ್ ಹುಡುಕಿದರು. ಇರಲಿಲ್ಲ. ಅದರ ಜಾಗದಲ್ಲಿ ಸಾಮಾನ್ಯ ಸ್ವಿಚ್.

ಅಣ್ಣ ತಲೆ ತಗ್ಗಿಸಿದ. "ಇತ್ತು ಸರ್. ದಿನಾ ಬೆಳಗ್ಗೆ ಬೀಳ್ತಿತ್ತು. ಇವರೆಲ್ಲ ಸೋಪು ಹಚ್ಕೊಂಡು ಕೂಗೋರು, ಮೇಡಂ ನನ್ನನ್ನ ಕೂಗೋರು. ಸ್ವಿಚ್ಚೇ ಕೆಟ್ಟಿದೆ ಅಂತ ತೆಗೆದೆ."

"ಜೋರಾಗಿ ಕೂಗಿದ್ದು ನಾನೇ ಅಣ್ಣ" ಅಂದಳು ಬಾತು. ಅವಳ ಬಲಗೈಗೆ ಬ್ಯಾಂಡೇಜು. "ನಿಮ್ಮ ಮನೆ ಬಾಗಿಲ ತನಕ ಬಂದು ಕೂಗಿದ್ದೆ, ನೆನಪಿಲ್ವಾ?"

ಸರ್ ಲ್ಯಾಬಿನಿಂದ ತರಿಸಿದ ಹೊಸ ಸ್ವಿಚ್ಚನ್ನು ಹಾಕುವ ಮೊದಲು ಅದರ ಜೊತೆಗಿದ್ದ ಹಳೆಯದೊಂದರ ಹೊಟ್ಟೆ ಬಿಚ್ಚಿ ನನಗೆ ತೋರಿಸಿದರು. "ಬಾ ಇಲ್ಲಿ. ಏನು ಕಾಣುತ್ತೆ?"

ಒಳಗೆ ಒಂದು ಪುಟ್ಟ ಬಳೆ. ಅದರ ನಡುವೆ ಎರಡು ತಂತಿ. ಎರಡೂ, ಒಟ್ಟಿಗೆ.

ಬೆರಳಿಟ್ಟು ಇನ್ನೊಮ್ಮೆ ಎಣಿಸಿದೆ.

"ನೀನು ಮಾಡಿದ್ದೇ" ಅಂದರು ಸರ್. "ಹೋಗಿದ್ದೂ ಬಂದಿದ್ದೂ ಸಮ ಇದ್ರೆ ಇದು ನಿದ್ದೆ ಮಾಡುತ್ತೆ. ಒಂದು ಚಿಟಿಕೆ ಕಡಿಮೆ ಬಂದ್ರೂ ಎದ್ದು ಬಾಗಿಲು ಹಾಕುತ್ತೆ. ಪ್ರತಿ ಬ್ಯಾಚಲ್ಲೂ ಒಬ್ಬರು ಆ ತಪ್ಪು ಮಾಡ್ತಾರೆ ಅಂದ್ನಲ್ಲ, ಆ ಸೊನ್ನೆ ಸರಿಯಾಗಿ ಸೊನ್ನೆ ಹೌದಾ ಅಂತ ತಿರುಗಿ ನೋಡಿದೋರು ಇಲ್ಲೀವರೆಗೆ ಯಾರೂ ಇಲ್ಲ. ನನ್ನನ್ನೂ ಸೇರಿಸಿ."

ಎಲ್ಲ ರಿಪೇರಿ ಆದಮೇಲೆ ಕ್ಲಾಂಪನ್ನು ನನ್ನ ಕೈಗೇ ಕೊಟ್ಟರು. ಇಡೀ ಕೇಬಲ್ಲಿಗೆ ಹಾಕಿದೆ. ಒಂದೊಂದಾಗಿ ಎಲ್ಲ ಗೀಸರ್ ಹಾಕಿಸಿದರು. ಒಳಗೆ ಅಷ್ಟು ನೀರು ಬಿಸಿಯಾಗುತ್ತಿದೆ, ದೇಶದ ಜನರೇಟರುಗಳೆಲ್ಲ ಅದಕ್ಕೆಂದು ಎಳ್ಳಿನಷ್ಟು ತಡವರಿಸಿ ಮತ್ತೆ ಹೆಜ್ಜೆ ಹಾಕುತ್ತಿವೆ, ಹೋದದ್ದು ಒಂದು ಹನಿಯೂ ಬಿಡದೆ ಮರಳಿ ಬರುತ್ತಿದೆ, ಸೆಕೆಂಡಿಗೆ ಐವತ್ತು ಸಲ.

ಸೊನ್ನೆ.

ಅಷ್ಟು ತುಂಬಿದ ಸೊನ್ನೆಯನ್ನು ನಾನು ನೋಡಿರಲಿಲ್ಲ.

ಸೆಪ್ಟೆಂಬರ್ 27, ಶನಿವಾರ

ಅಪ್ಪ ಬಂದಿದ್ದ, ಮೇಡಂ ರೂಮಿಗೆ ಬರಲು ಒಪ್ಪಿದರು. ರಾತ್ರಿ ಬಸ್ಸಿನಲ್ಲಿ ಕೂತು ಬಂದು ಶರ್ಟು ಮುದುಡಿ ಹೋಗಿತ್ತು, ಬಿಚ್ಚಿಸಿ ಇಸ್ತ್ರಿ ಮಾಡಿ ಕೊಟ್ಟೆ. ನಾನು ಪ್ಲಗ್ ಹಾಕುವಾಗ ಬಾತು ಅದೇನೋ ನನ್ನನ್ನೇ ನೋಡುತ್ತಾ ನಗುತ್ತಿದ್ದಳು. ಯಾಕೇ ಅಂದರೆ "ಏನಿಲ್ಲಪ್ಪ" ಅಂದಳು.

ಅಪ್ಪ ದೊಡ್ಡ ಬ್ಯಾಗನ್ನು ಮಂಚದ ಮೇಲೆ ಖಾಲಿ ಹರವಿಟ್ಟು ಕೂತಿದ್ದ. "ಯಾವುದು ಯಾವುದು ತುಂಬಬೇಕು?" ಅಂದ.

"ಅದಿರ್ಲಿ ಅಪ್ಪ, ಮೊದಲು ಬಾ, ಒಂದು ತೋರಿಸ್ತೀನಿ."

ಸ್ನಾನದಮನೆಯ ಬೋರ್ಡಿನ ಹತ್ತಿರ ಕರೆದುಕೊಂಡು ಹೋದೆ. ಕ್ಲಾಂಪ್ ಹಾಕಿ ಡಿಸ್‌ಪ್ಲೇಯನ್ನು ಅವನ ಕೈಗಿಟ್ಟೆ. ಒಳಗೆ ಎಡಗೈಯಲ್ಲೇ ನೀರು ಹೊಯ್ದುಕೊಳ್ಳುತ್ತಾ ಬಾತು ಹಾಡುತ್ತಿದ್ದಳು, ಮೂರನೇ ಕೋಣೆಯಲ್ಲೇ, ಶ್ರುತಿ ಬಿಟ್ಟು. ಅಪ್ಪ ಡಿಸ್‌ಪ್ಲೇಯನ್ನು ದೂರ ಹಿಡಿದು, ಹತ್ತಿರ ಹಿಡಿದು, ಕನ್ನಡಕ ಏರಿಸಿ ನೋಡಿದ.

"ಏನೂ ಇಲ್ವಲ್ಲ ಮಗಳೇ ಇದರಲ್ಲಿ?"

"ಅದೇ ಅಪ್ಪ! ನೋಡು, ಏನೂ ಇಲ್ಲ!"

ಅಪ್ಪ ಸ್ವಲ್ಪ ಹೊತ್ತು ಸೊನ್ನೆಯನ್ನು ಬಿಟ್ಟು ನನ್ನ ಮುಖ ನೋಡಿದ. ಮತ್ತೆ ಬ್ಯಾಗ್ ತುಂಬುವ ಮಾತೆತ್ತಲಿಲ್ಲ. ಸಂಜೆ ಬಸ್ಸಿಗೆ ಬಿಡಲು ಹೋದೆ. ದೊಡ್ಡ ಬ್ಯಾಗ್ ಹೇಗೂ ತಂದಿದ್ದನಲ್ಲ, ನನ್ನ ಎರಡು ಬೆಡ್‌ಶೀಟು, ಬಾತುವಿನದೊಂದು, ಒಗೆಯಲು ಅಮ್ಮನಿಗೆ ಕಳಿಸಿದೆ. ಬರುವ ತಿಂಗಳು ಬರುವಾಗ ತಂದುಕೊಡಲು ಹೇಳಿದ್ದೇನೆ.

ಸೋಮವಾರ ಲ್ಯಾಬ್. ಕ್ಲಾಂಪಿನ ಬಾಯಿಗೆ ಸ್ವಲ್ಪ ಎಣ್ಣೆ ಬಿಡಬೇಕು, ಮುಚ್ಚುವಾಗ ಕಿರ್ ಅನ್ನುತ್ತಿದೆ.